ಕನ್ಯೆ ನೋಡಲು ಹೋದ ಗೋಲ್‌ಕೀಪರ್

ಫುಟ್‌ಬಾಲಿಗಾಗಿ ನಾನೊಮ್ಮೆ ಕನ್ಯೆ ನೋಡಲು ಹೋಗಿದ್ದೆ.

ಉಪ್ಪಿಟ್ಟು ತಿಂದೆ. ಚಹಾ ಕುಡಿದೆ. ಮುಕ್ಕಾಲು ತಾಸು ಆ ಮನೆಯ ಚಾಪೆಯ ಮೇಲೆ ಕುಳಿತಿದ್ದೆ. ಎದುರಿಗೇ ಹುಡುಗಿ ಕುಳಿತಿದ್ದಳು. ಎದ್ದು ಬರುವಾಗ ಯಾರಾದರೂ “ಹುಡುಗಿ ಹೆಂಗದಾಳ?” ಎಂದು ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ. ಆಕೆ ಉಟ್ಟ ಸೀರೆಯ ಬಣ್ಣ ಕೂಡ ನಾನು ನೋಡಿರಲಿಲ್ಲ.

ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. (ಹೆಂಡತಿಗೆ ಗೊತ್ತು. ಮದುವೆಯಾದ ಮೂರನೇ ದಿನಕ್ಕೇ ಅವ್ವ ಆಕೆಗೆ ಎಲ್ಲ ಹೇಳಿ ಮುಗಿಸಿದ್ದಳು.) ಹೋದ ವಾರ ಬಾಯಿಬಿಡುವ ಪ್ರಸಂಗ ಬಂತು.

ಮುಂಜಾನೆ ನಾವು ನಾಲ್ಕು ಮಂದಿ ರಿಟೈರ್ಡ್ ಗೆಳೆಯರು ಕೊಪ್ಪಳದಲ್ಲಿ ವಾಕಿಂಗ್ ಹೋಗುತ್ತೇವೆ. ವಾಕಿಂಗ್ ಅರ್ಧ ತಾಸು, ಆಮೇಲೆ ಚಹಾದಂಗಡಿಯಲ್ಲಿ ಒಂದು ತಾಸು. ಅಲ್ಲಿ ಒಬ್ಬರು ಪೇಪರ್ ಓದಿ ಹೇಳಿದರು. ದೂರದ ಯಾವುದೋ ದೇಶದಲ್ಲಿ ಒಂದು ಫುಟ್‌ಬಾಲ್ ಕ್ಲಬ್ಬಿನವರು ಎದುರಾಳಿಗಳ ಪ್ರಾಕ್ಟೀಸ್ ಕದ್ದು ನೋಡಿ ಸಿಕ್ಕಿಬಿದ್ದಿದ್ದಾರಂತೆ. ಎಂಥ ಶಿಕ್ಷೆ ಕೊಟ್ಟರೆ ನ್ಯಾಯ ಎಂದು ಅಲ್ಲಿ ದೊಡ್ಡ ಚರ್ಚೆಯಂತೆ. ತಗೊಳ್ಳಿ, ಇಲ್ಲಿಯೂ ಶುರುವಾಯಿತು.

“ಆ ಕ್ಲಬ್ಬs ಬಂದ್ ಮಾಡ್ಸಬೇಕ್ರಿ,” ಅಂದರು ಒಬ್ಬರು.

“ಅಯ್ಯ, ನೋಡಿದ್ರ ಏನಾತ್ರಿ? ಕಣ್ಣಿದ್ದಾಂವ ನೋಡ್ತಾನ,” ಅಂದರು ಇನ್ನೊಬ್ಬರು.

ಮೂರನೆಯವರು ನನ್ನ ಕಡೆ ತಿರುಗಿದರು. “ನೀವೇನಂತೀರಿ?”

ನಾನೇನನ್ನಲಿ? ಆ ಅಂಗಡಿಯಲ್ಲಿ ಆ ತಪ್ಪಿಗೆ ಶಿಕ್ಷೆ ಉಂಡವನು ನಾನೊಬ್ಬನೇ ಇದ್ದೆ.

ಎಪ್ಪತ್ತರ ದಶಕದ ಕೊನೆಯ ಮಾತು. ಕೊಪ್ಪಳ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ರಾಯಚೂರಿನ ಕೆಳಗೆ ಒಂದು ತಾಲೂಕು. ನಾನೊಬ್ಬ ಗುಮಾಸ್ತ. ಸಂಜೆ ಐದೂವರೆಯ ತನಕ ಫೈಲು, ಆಮೇಲೆ ಫುಟ್‌ಬಾಲು. ನಮ್ಮ ಟೀಮಿಗೆ ನಾನು ಗೋಲ್‌ಕೀಪರ್. ಯಾಕೆ ಗೋಲ್‌ಕೀಪರ್ ಎಂದು ಕೇಳಬೇಡಿ. ಓಡಲು ಬಾರದವನನ್ನು ಎಲ್ಲಿ ನಿಲ್ಲಿಸುತ್ತಾರೆ?

ಕ್ಯಾಪ್ಟನ್ ಖಾದರ್. ವೃತ್ತಿಯಿಂದ ಟೇಲರ್. ಇಡೀ ಟೀಮಿನ ಚಡ್ಡಿಗಳನ್ನು ಅವನೇ ಹೊಲಿದದ್ದು. ಅದಕ್ಕೇ ನಮ್ಮ ಹನ್ನೊಂದು ಮಂದಿಯ ಚಡ್ಡಿ ಒಂದೇ ಬಣ್ಣದವಿದ್ದವು, ಅಂಗಿ ಮಾತ್ರ ಯಾರ ಮನೆಯದೋ ಅವರದು.

ವರ್ಷಕ್ಕೊಮ್ಮೆ ನಮಗೂ ಗಂಗಾವತಿಯವರಿಗೂ ಒಂದು ಶೀಲ್ಡ್ ಮ್ಯಾಚು. ಗಂಗಾವತಿಯದು ಅಕ್ಕಿ ಮಿಲ್ಲಿನವರ ಟೀಮು. ಮೂರು ವರ್ಷ ಸತತವಾಗಿ ಸೋತಿದ್ದೆವು. ಮೂರು ವರ್ಷವೂ ಕಾರ್ನರ್ ಕಿಕ್ಕಿನಿಂದಲೇ ಗೋಲು. ಮೂಲೆಯಿಂದ ಅವರ ಕ್ಯಾಪ್ಟನ್ ಸುಬ್ಬಾರಾವು ಚೆಂಡು ಒದೆಯುತ್ತಿದ್ದ. ಅದು ಎಲ್ಲಿ ಬೀಳುತ್ತದೆಂದು ಅವರ ಹತ್ತೂ ಮಂದಿಗೆ ಮೊದಲೇ ಗೊತ್ತಿರುತ್ತಿತ್ತು. ಗೊತ್ತಿಲ್ಲದವನು ನಾನೊಬ್ಬ.

“ಅವ್ರು ಏನೋ ಗುಟ್ಟಿನ ಸನ್ನಿ ಮಾಡ್ತಾರಲೇ,” ಅಂದ ಖಾದರ್. “ಅದೇನಂತ ನೋಡ್ಬೇಕು.”

ನೋಡುವುದು ಹೇಗೆ? ಅವರು ಪ್ರಾಕ್ಟೀಸ್ ಮಾಡುತ್ತಿದ್ದುದು ಮಿಲ್ಲಿನ ಹಿಂದಿನ ಬಯಲಿನಲ್ಲಿ. ಸುತ್ತ ಎತ್ತರದ ಗೋಡೆ. ಗೇಟಿಗೆ ಕಾವಲುಗಾರ. ಖಾದರನನ್ನಂತೂ ಗಂಗಾವತಿಯಲ್ಲಿ ಎಲ್ಲರೂ ಗುರುತಿಸುತ್ತಿದ್ದರು.

ಒಂದು ಸಂಜೆ ಅಂಗಡಿಯಲ್ಲಿ ಅವನು ಯಾರದೋ ಪ್ಯಾಂಟಿನ ಅಳತೆ ತೆಗೆಯುತ್ತಿದ್ದ. ಥಟ್ಟನೆ ನಿಲ್ಲಿಸಿ ನನ್ನ ಕಡೆ ನೋಡಿದ.

“ಗಂಗಾವತಿಯೊಳಗ ನಿನಗೊಂದು ಕನ್ಯಾ ಐತಂತಲ್ಲೋ? ಹೆಡ್‌ಮಾಸ್ತರ ಮಗಳು?”

“ಅವ್ವ ಹೇಳಾಕತ್ತಾಳ. ನಾ ಬ್ಯಾಡ ಅಂದೀನಿ.”

“ಆ ಮಾಸ್ತರ ಮನಿ ಎಲ್ಲೈತಿ ಗೊತ್ತೇನು? ಮಿಲ್ಲಿನ ಗ್ವಾಡಿ ಮಗ್ಗಲಕs. ಮ್ಯಾಲಿನ ಅಂತಸ್ತು.” ಟೇಪನ್ನು ಕೊರಳಿಗೆ ಹಾಕಿಕೊಂಡ. “ಕಿಟಕಿ ಐತಿ.”

ನಾನು ಒಪ್ಪಬಾರದಿತ್ತು. ಒಪ್ಪಿದೆ.

“ಗಂಗಾವತಿ ಕನ್ಯಾ ನೋಡಿ ಬರೋಣ” ಅಂದಾಗ ಅವ್ವ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಅಪ್ಪ ತೀರಿಕೊಂಡ ಮೇಲೆ ಆಕೆಗೆ ಇದ್ದದ್ದು ಇದೊಂದೇ ಚಿಂತೆ. ಆ ದೀಪ ನೋಡಿಯೂ ನಾನು ಒಂದು ಮಾತು ಸೇರಿಸಿದೆ: ಮುಂಜಾನೆ ಬೇಡ, ಸಂಜೆ ಐದರ ಮೇಲೆ ಹೋಗೋಣ.

“ಯಾಕೋ?”

“ಆಗ ಘಳಿಗಿ ಛಲೋ ಐತಂತವ್ವ.”

“ನಿನಗ ಘಳಿಗಿ ಮ್ಯಾಲ ನಂಬಿಗಿ ಯಾವಾಗಿಂದ ಬಂತೋ?” ಅಂದಳು. ಆದರೆ ಮಗ ಹೊರಟಿದ್ದೇ ದೊಡ್ಡದು ಎಂದು ಒಪ್ಪಿದಳು.

ಐತವಾರ ಬಸ್ಸು ಹಿಡಿದು ಹೋದೆವು. ಮಾಸ್ತರರು ಬಹಳ ಸಭ್ಯ ಮನುಷ್ಯ. ಬಿಳಿ ಧೋತರ, ಕಿಸೆಯಲ್ಲಿ ಎರಡು ಪೆನ್ನು, ಒಂದು ಕೆಂಪು ಒಂದು ನೀಲಿ. ಲೆಕ್ಕದ ಮಾಸ್ತರರು. ಫುಟ್‌ಬಾಲಿಗೆ ಎಷ್ಟು ಮಂದಿ ಎನ್ನುವುದೂ ಅವರಿಗೆ ಗೊತ್ತಿರಲಿಲ್ಲ. “ಬರ್ರಿ, ಕುಂದರ್ರಿ” ಎಂದು ಗೋಡೆಯ ಕಡೆ ಚಾಪೆ ತೋರಿಸಿದರು. ನಾನು ತಗ್ಗು ಕಿಟಕಿಗೆ ಹತ್ತಿಕೊಂಡಿದ್ದ ಚಾಪೆ ಆರಿಸಿಕೊಂಡು ಕುಳಿತೆ. “ಗಾಳಿ ಬರ್ತೈತ್ರಿ” ಅಂದೆ.

ಖಾದರ್ ಸುಳ್ಳು ಹೇಳಿರಲಿಲ್ಲ. ಇಡೀ ಬಯಲು ಅಂಗೈ ಮೇಲಿಟ್ಟ ಹಾಗೆ ಕಾಣುತ್ತಿತ್ತು.

ಮಾಸ್ತರರು ಮಗಳ ಜನ್ಮನಕ್ಷತ್ರ, ರಾಶಿ ಎಲ್ಲ ದುಂಡಗೆ ಬರೆದ ಒಂದು ಹಾಳೆ ಕೊಟ್ಟರು. ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಳು. ಹೆಸರು ಸರೋಜಾ, ಬಿ.ಎ. ಪರೀಕ್ಷೆಗೆ ಮನೆಯಿಂದಲೇ ಓದುತ್ತಿದ್ದಾಳೆ ಎಂದು ಮಾಸ್ತರರು ಹೇಳುತ್ತಿದ್ದರು. ಅಷ್ಟರಲ್ಲಿ ಕೆಳಗೆ ಕಾರ್ನರ್ ಕಿಕ್ ಶುರುವಾಯಿತು.

ಕ್ಯಾಪ್ಟನ್ ಸುಬ್ಬಾರಾವು ಮೂಲೆಯಲ್ಲಿ ಚೆಂಡಿಟ್ಟ. ತಲೆ ಕೆರೆದುಕೊಂಡ. ಒದ್ದ. ಚೆಂಡು ಹತ್ತಿರದ ಕಂಬಕ್ಕೆ ಬಂತು, ಗೋಲು. ಮತ್ತೆ ಇಟ್ಟ. ಈ ಸಲ ಮೂಗು ಒರೆಸಿಕೊಂಡ. ಚೆಂಡು ದೂರದ ಕಂಬಕ್ಕೆ ಹೋಯಿತು, ಗೋಲು. ಇನ್ನೊಮ್ಮೆ ತಲೆ, ಹತ್ತಿರ. ಇನ್ನೊಮ್ಮೆ ಮೂಗು, ದೂರ.

ಅಷ್ಟೇನಾ! ಮೂರು ವರ್ಷ ಒಬ್ಬ ಮನುಷ್ಯನ ಮೂಗು ನೋಡದೆ ನಾವು ಸೋತಿದ್ದೆವಾ?

ಕಿಸೆಯಿಂದ ಪೆನ್ನು ತೆಗೆದೆ. ಕೈಯಲ್ಲಿದ್ದ ಹಾಳೆಯ ಹಿಂದೆ ಯಾರ್ಯಾರು ಎಲ್ಲಿ ನಿಂತಿದ್ದಾರೆಂದು ಸೊನ್ನೆ ಹಾಕಿದೆ. ಬಾಣದ ಗುರುತು ಎಳೆದೆ. ಹತ್ತಿರದ ಕಂಬ ಒಂದು, ದೂರದ್ದು ಎರಡು ಎಂದು ಹಿಡಿದು, ಯಾವ ಸನ್ನೆಗೆ ಯಾವ ಕಂಬ ಎಂದು ಕೆಳಗೆ ಒಂದು ಸಾಲು ಬರೆದೆ.

“ಏನ್ ಬರಿಯಾಕತ್ತೀಯೋ?” ಅವ್ವ ಪಿಸುಗುಟ್ಟಿದಳು.

“ನಕ್ಷತ್ರ ಲೆಕ್ಕಾ ಹಾಕಾಕತ್ತೀನಿ.”

ಮಾಸ್ತರರಿಗೆ ಇದು ಬಹಳ ಹಿಡಿಸಿತು. “ಹುಡುಗ ಶಾಸ್ತ್ರಾ ತಿಳಕೊಂಡಾನ,” ಅಂದರು. “ನಿಮಗೇನರ ಕೇಳೂದಿದ್ರ ಕೇಳ್ರಿ,” ಎಂದು ಮಗಳ ಕಡೆ ಕೈ ಮಾಡಿದರು. ನಾನು “ಏನಿಲ್ರಿ” ಅಂದೆ. ಕಿಟಕಿಗೆ ಹೇಳಿದೆ.

ಪ್ರಾಕ್ಟೀಸ್ ಮುಗಿಯಿತು. ನಮ್ಮ ಚಹಾನೂ ಮುಗಿಯಿತು. ಎದ್ದೆವು. ಬಾಗಿಲ ಹತ್ತಿರ ಬಂದಾಗ ಮಾಸ್ತರರು, “ಅದರಾಗ ಹುಟ್ಟಿದ ಟೈಮ್ ಬರಿಯೂದು ಮರ್ತೆ, ಒಂದೀಟು ಕೊಡ್ರಿಲ್ಲೆ” ಎಂದು ನನ್ನ ಕೈಯಿಂದ ಹಾಳೆ ತೆಗೆದುಕೊಂಡೇ ಬಿಟ್ಟರು. ತಿರುಗಿಸಿದರು. ಕನ್ನಡಕ ಏರಿಸಿದರು.

“ಇದ್ಯಾವ ಪದ್ಧತಿ ಕುಂಡಲಿರಿ? ಒಂಬತ್ತು ಗ್ರಹ ಕೇಳೀನಿ. ಇಲ್ಲಿ ಹನ್ನೊಂದು ಅದಾವಲ್ಲ?”

ಅವರು ಕೆಳಗಿನ ಸಾಲು ಓದಿದರು. “ತಲಿ, ಒಂದು. ಮೂಗು, ಎರಡು.” ಮುಖ ಕೆಂಪಗಾಯಿತು. “ನನ್ನ ಮಗಳ ತಲಿಗೆ ಒಂದು, ಮೂಗಿಗೆ ಎರಡು ಮಾರ್ಕ್ಸೇನ್ರಿ? ಎಷ್ಟಕ್ಕ? ಹತ್ತಕ್ಕೇನು?”

ಅವ್ವ ಗಾಬರಿಯಿಂದ ನನ್ನನ್ನು ನೋಡಿದಳು. ಸರೋಜಾ ಮುಂದೆ ಬಂದು ಅಪ್ಪನ ಕೈಯಿಂದ ಹಾಳೆ ಇಸಿದುಕೊಂಡಳು. ಒಂದು ಕ್ಷಣ ಸಾಕಾಯಿತು ಆಕೆಗೆ. ದಿನಾ ಸಂಜೆ ಆ ಕಿಟಕಿಯಲ್ಲೇ ಪುಸ್ತಕ ಹಿಡಿದು ಕೂಡುವವಳು ಅಲ್ಲವೇ?

“ಅಪ್ಪಾ, ಇವು ಗ್ರಹ ಅಲ್ಲ. ಮಿಲ್ಲಿನ ಟೀಮು. ಈ ಮೂಲ್ಯಾಗ ನಿಂತಾಂವ ಸುಬ್ಬಾರಾವು. ತಲಿ, ಮೂಗು ಅವನ ಸನ್ನಿ.” ನನ್ನ ಕಡೆ ತಿರುಗಿದಳು. “ನೀವು ಕೊಪ್ಪಳ ಟೀಮಿನಾಗ ಆಡ್ತೀರೇನ್ರಿ?”

“ಗೋಲ್‌ಕೀಪರ್ರಿ,” ಅಂದೆ. ಸುಳ್ಳು ಹೇಳಲು ಬಾಯಿ ಏಳಲಿಲ್ಲ.

ಆಕೆ ಕಿಟಕಿಗೆ ಹೋಗಿ ಸುಬ್ಬಾರಾವನನ್ನು ಕೂಗಿದಳು.

ಅವನು ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನ ಕಡೆಯ ತೆಲುಗು ಮನುಷ್ಯ, ಮಿಲ್ಲಿನಲ್ಲಿ ಮೇಸ್ತ್ರಿ. ಬೆವರು ಒರೆಸುತ್ತ ಮೇಲೆ ಬಂದವನು ನನ್ನನ್ನು ನೋಡಿ ಹೌಹಾರಿದ. “ಮಾಸ್ತರುಗಾರೂ! ಈ ಮನುಷ್ಯ ಕೊಪ್ಪಳ ಗೋಲ್‌ಕೀಪರಂಡಿ! ಕಳ್ಳ!” ಅವನ ಹಿಂದೆ ಮೆಟ್ಟಿಲ ತುಂಬ ಟೀಮಿನವರು. ಮ್ಯಾಚು ಆಡದೆಯೇ ಶೀಲ್ಡ್ ತಮಗೆ ಬಿಟ್ಟುಕೊಡಬೇಕು ಎಂದು ಒಬ್ಬ. ನಾನು ಇನ್ನು ಜನ್ಮದಲ್ಲಿ ಫುಟ್‌ಬಾಲ್ ಆಡಬಾರದು ಎಂದು ಇನ್ನೊಬ್ಬ. (ಅದಕ್ಕೆ ನಮ್ಮ ಟೀಮಿನವರದೂ ಒಪ್ಪಿಗೆ ಇದ್ದೀತು.)

ಮಾಸ್ತರರು ಕೈಯೆತ್ತಿದರು. ಎಲ್ಲರೂ ಸುಮ್ಮನಾದರು. ಅರ್ಧಕ್ಕರ್ಧ ಮಂದಿ ಅವರ ಕೈಯಲ್ಲೇ ಕಲಿತವರು.

“ಸಾಲ್ಯಾಗ ಪ್ರಶ್ನೆಪತ್ರಿಕಿ ಬಯಲಾದ್ರ ಏನ್ ಮಾಡ್ತೀವಿ? ಪರೀಕ್ಷಾ ರದ್ದು ಮಾಡಂಗಿಲ್ಲ. ಓದಿದ ಹುಡುಗ್ರದು ಏನ್ ತಪ್ಪು? ಬ್ಯಾರೆ ಪತ್ರಿಕಿ ತೆಗೀತೀವಿ.” ಸ್ವಲ್ಪ ಯೋಚಿಸಿದರು. “ಸುಬ್ಬಾರಾವು, ನಿನ್ನ ತಲಿ ಮೂಗು ಬದಲಿ ಮಾಡಿದ್ರ ಮಾಡು, ಬಿಟ್ರ ಬಿಡು. ಏನ್ ಮಾಡಿದಿ ಅಂತ ಇವರಿಗೆ ಮಾತ್ರ ಹೇಳಬ್ಯಾಡ. ಅಷ್ಟs ಶಿಕ್ಷಾ.”

ಸುಬ್ಬಾರಾವಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಮುಖ ಅರಳಿತು. ನನಗೆ ಕೂಡಲೇ ತಿಳಿಯಿತು.

ಇಷ್ಟಕ್ಕೇ ಮುಗಿಯಿತು ಎಂದು ನಾನು ಚಪ್ಪಲಿಯಲ್ಲಿ ಕಾಲಿಟ್ಟೆ.

“ಅಪ್ಪಾ, ಚಂಡಿನ ನ್ಯಾಯ ಮುಗೀತು. ನನ್ನ ನ್ಯಾಯ?”

ಸರೋಜಾ. ದನಿ ಏರಿರಲಿಲ್ಲ. ಆದರೆ ಮೆಟ್ಟಿಲ ಮೇಲಿದ್ದವರೂ ನಿಂತರು.

“ಇವರು ನನ್ನ ನೋಡಾಕ ಬಂದು ಮಿಲ್ಲು ನೋಡಿ ಹೊಂಟಾರ. ನಿನ್ನಿಯಿಂದ ಮನಿ ಸಾರ್ಸಿ, ಉಪ್ಪಿಟ್ಟು ಮಾಡಿ, ನನ್ನ ಎರಡು ದಿನದ ಓದು ಹೋತು. ಸುಬ್ಬಾರಾವಿಗರ ಬರೇ ಒಂದು ಸನ್ನಿ ಹೋಗೈತಿ.”

ಮಾಸ್ತರರ ಲೆಕ್ಕದಲ್ಲಿ ಇದು ಇರಲೇ ಇಲ್ಲ. ನಿಜ ಹೇಳಬೇಕೆಂದರೆ ನನ್ನದರಲ್ಲೂ ಇರಲಿಲ್ಲ. ಕದ್ದದ್ದು ಫುಟ್‌ಬಾಲಿನವರದು ಮಾತ್ರ ಎಂದು ತಿಳಿದಿದ್ದೆ. ತಲೆ ತಗ್ಗಿಸಿದೆ.

“ನೀನs ಹೇಳವಾ, ಏನ್ ಮಾಡೂಣು?” ಅಂದರು ಮಾಸ್ತರರು.

“ಬರೂ ಐತವಾರ ಇವರು ಬರ್ಲಿ. ಚಾಪಿ ಮ್ಯಾಲ ನಾ ಕುಂದರ್ತೀನಿ. ಚಾ ಇವರು ತರ್ಲಿ. ನಾ ನೋಡ್ತೀನಿ.”

ನಾನು ಅವ್ವನ ಕಡೆ ನೋಡಿದೆ. ತಾಯಿ ಅಲ್ಲವೇ, ಮಗನ ಮರ್ಯಾದೆ ಕಾಯುತ್ತಾಳೆ ಎಂದು. ಅವ್ವ ಸೆರಗು ಸರಿಮಾಡಿಕೊಂಡು ಹೇಳಿದಳು: “ಬರ್ತಾನ ತಂಗಿ. ನಾನs ಕರಕೊಂಡು ಬರ್ತೀನಿ.”

ಬಸ್ಸಿನಲ್ಲಿ ಕೊಪ್ಪಳ ಮುಟ್ಟುವ ತನಕ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಮನೆಗೆ ಬಂದ ಮೇಲೆ ಅಂದಳು, “ಚಾ ಮಾಡೂದು ಕಲಿ.”

ಆ ಒಂದು ವಾರ ನಾನು ಪ್ರಾಕ್ಟೀಸಿಗೆ ಹೋಗಲಿಲ್ಲ. ಸ್ಟವ್ ಮುಂದೆ ಕುಳಿತಿದ್ದೆ.

ಐತವಾರ ಹೋದೆವು. ಮಿಲ್ಲಿನ ಗೋಡೆಯ ಮೇಲೆ ಸುಬ್ಬಾರಾವು ಮತ್ತು ಇಡೀ ಟೀಮು ಸಾಲಾಗಿ ಕುಳಿತಿತ್ತು. ಕಿಟಕಿ ಪೂರಾ ತೆರೆದಿತ್ತು. ಎಲ್ಲರ ಕೈಯಲ್ಲೂ ಶೇಂಗಾ.

ಆರು ಕಪ್ಪು ಇಟ್ಟ ತಟ್ಟೆ ಹಿಡಿದು ಅಡುಗೆಮನೆಯಿಂದ ಚಾಪೆಯ ತನಕ ಹತ್ತು ಹೆಜ್ಜೆ. ಎಂದಾದರೂ ನಡೆದು ನೋಡಿ. ಕಪ್ಪು ಕಿಣಿಕಿಣಿ ಅನ್ನುತ್ತವೆ. ಎಲ್ಲರೂ ನಿಮ್ಮ ಕೈಯನ್ನೇ ನೋಡುತ್ತಾರೆ. ಎರಡು ಕಪ್ಪಿನ ಚಹಾ ಬಸಿಯಲ್ಲಿತ್ತು.

ಸರೋಜಾ ಒಂದು ಗುಟುಕು ಕುಡಿದಳು. “ಸಕ್ರಿ ಜಾಸ್ತಿ ಆಗೈತಿ,” ಅಂದಳು. ಆಮೇಲೆ ಶುರು.

“ಎಷ್ಟು ಓದೀರಿ?”

“ಪಿಯುಸಿ ರಿ.”

“ಪಾಸೇನು?”

“ಎರಡನೇ ಸಲ ರಿ.”

“ಅಡಗಿ ಏನೇನು ಬರ್ತೈತಿ?”

“ಚಾ.”

ಗೋಡೆಯ ಕಡೆಯಿಂದ ಸೀಟಿ ಬಂತು.

“ಎದ್ದು ನಾಕು ಹೆಜ್ಜಿ ನಡೀರಿ.” ನಡೆದೆ. “ತಿರಗ್ರಿ.” ತಿರುಗಿದೆ. “ಕೂದಲಾ ನಿಮ್ಮವs ಹೌದಲ್ರಿ?” ಹೌದೆಂದೆ. ಆಗ ಇದ್ದವು. “ಹಾಡು ಬರ್ತೈತೇನು?” ಬರುವುದಿಲ್ಲ ಅಂದರೆ ಬಿಡುತ್ತಾರೆಯೇ? ನಮ್ಮ ಶಾಲೆಯ ಪ್ರಾರ್ಥನೆ ಹಾಡಿದೆ. ಎರಡನೇ ಸಾಲಿಗೆ ದನಿ ಒಡೆಯಿತು. ಗೋಡೆಯ ಮೇಲೆ ಕುಳಿತವರು ಮೂರನೇ ಸಾಲು ಹೇಳಿಕೊಟ್ಟರು.

ನಗೆಯಾಟ ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡು ಹೋಗಿದ್ದೆ. ಆದರೆ “ತಿರಗ್ರಿ” ಅಂದಾಗ, ಆ ಎಲ್ಲರಿಗೂ ಬೆನ್ನು ಮಾಡಿ ನಿಂತಾಗ, ನನ್ನ ಕಿವಿ ಸುಡುತ್ತಿದ್ದವು. ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುವುದನ್ನು ನೋಡಿದ್ದೇನೆ. ಎತ್ತಿಗೆ ಹೇಗನಿಸುತ್ತದೆ ಎಂದು ಅವತ್ತು ಗೊತ್ತಾಯಿತು.

ಇನ್ನೊಂದು ಸಂಗತಿಯೂ ನಡೆಯಿತು. ಅವತ್ತು ನಾನು ಆಕೆಯನ್ನು ನೋಡಿದೆ. ಹಸಿರು ಸೀರೆ. ಬಲಗೈಯ ನಡುಬೆರಳಿಗೆ ಮಸಿ ಹತ್ತಿತ್ತು, ಬರೆಯುತ್ತಿದ್ದವಳು ಹಾಗೇ ಎದ್ದು ಬಂದಂತೆ. ನಗು ತಡೆಯಲು ಕೆಳತುಟಿ ಕಚ್ಚಿ ಹಿಡಿದಿದ್ದಳು. ಈಕೆ ಒಪ್ಪಿದರೆ ಎಷ್ಟು ಛಲೋ ಎಂದು ಅನಿಸಿತು. ಬಹಳ ಜೋರಾಗಿ ಅನಿಸಿತು.

ಕೊನೆಗೆ ಆಕೆ ಕಪ್ಪು ಕೆಳಗಿಟ್ಟಳು.

“ಆತ್ರಿ. ಆಮ್ಯಾಲೆ ತಿಳಸ್ತೀವಿ.”

ಮುಂದಿನ ಐತವಾರ ಕೊಪ್ಪಳದಲ್ಲಿ ಮ್ಯಾಚು. ಸುಬ್ಬಾರಾವು ಮೂಲೆಯಲ್ಲಿ ಚೆಂಡಿಟ್ಟ. ನನ್ನನ್ನೇ ನೋಡಿದ. ತಲೆ ಕೆರೆದುಕೊಂಡ. ಬದಲಾಯಿಸಿದ್ದಾನೋ ಇಲ್ಲವೋ? ತಲೆ ಅಂದರೆ ತಲೆಯೋ ಮೂಗೋ? ನಾನು ಯೋಚಿಸುತ್ತಿರುವಾಗಲೇ ಚೆಂಡು ಒಳಗೆ ಹೋಗಿತ್ತು. ಎರಡನೇ ಸಲ ತಲೆ ಕೆರೆದುಕೊಂಡು, ಮೂಗು ಒರೆಸಿಕೊಂಡು, ಕೊನೆಗೆ ಕಿವಿ ಹಿಡಿದ. ಕಿವಿ ಎಲ್ಲಿಂದ ಬಂತು! ಎರಡು ಗೋಲಿನಿಂದ ಸೋತೆವು. ಮೊದಲಾದರೆ ಏನೂ ಗೊತ್ತಿರಲಿಲ್ಲ, ಚೆಂಡನ್ನಾದರೂ ನೋಡುತ್ತಿದ್ದೆ. ಮಾಸ್ತರರು ಎಂಥ ಶಿಕ್ಷೆ ಕೊಟ್ಟಿದ್ದರು ಎನ್ನುವುದು ಖಾದರನಿಗೂ ಅವತ್ತು ತಿಳಿಯಿತು.

“ತಪ್ಪು ನಂದಲೇ,” ಅಂದ. ಅದನ್ನು ಬಾಯಿ ಮಾತಿಗೆ ಬಿಡಲಿಲ್ಲ ಅವನು. ಗಂಗಾವತಿಗೆ ಹೋಗಿ ಮಾಸ್ತರರ ಎದುರು ನಿಂತು ಅದನ್ನೇ ಹೇಳಿ ಬಂದ.

ಸೋಲು ಒಂದು ವಾರಕ್ಕೆ ಮರೆತುಹೋಯಿತು. ಮರೆಯದೆ ಉಳಿದದ್ದು ಆ “ತಿಳಸ್ತೀವಿ.”

ದಿನಾ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಆಫೀಸಿನಿಂದ ಮನೆಗೆ ಒಂದು ಚಕ್ಕರ್. “ಏನರ ಐತೇನ್ರಿ?” “ಏನಿಲ್ರಿ.” ಹದಿನೈದು ದಿನ. ಒಂದು ತಿಂಗಳು. ಬೇಡ ಅಂದರೂ ಸಾಕು, ಅಂದುಬಿಡಬಾರದೇ? ಅವ್ವನ ಮುಂದೆ ಗೊಣಗಿದೆ. “ಒಂದು ಕಾರ್ಡು ಬರಿಯಾಕ ಏನವ್ವ ಅವರಿಗೆ ಧಾಡಿ?”

ಅವ್ವ ಜೋಳ ಹಸನು ಮಾಡುತ್ತಿದ್ದಳು. ತಲೆಯೆತ್ತಲಿಲ್ಲ.

“ಕುಷ್ಟಗ್ಯಾಗ ಒಂದು ನೋಡಿದಿ. ಯಲಬುರ್ಗಾದಾಗ ಒಂದು. ಹುಲಿಹೈದರದಾಗ ಒಂದು. ಮರಳ್ಯಾಗ ಒಂದು. ನಾಕು ಮನಿ ಉಪ್ಪಿಟ್ಟು ತಿಂದಿ. ಯಾರಿಗಿ ಕಾರ್ಡು ಬರದೀ?”

ನಾಲ್ಕೂ ಕಡೆ “ಆಮೇಲೆ ತಿಳಿಸ್ತೀವಿ” ಎಂದು ಹೇಳಿ ಎದ್ದು ಬಂದವನು ನಾನೇ. ಯಾವುದಕ್ಕೂ ಕಾರಣ ಇರಲಿಲ್ಲ. ಒಂದು ಮನೆಯಲ್ಲಿ ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾಗಿತ್ತು, ಅಷ್ಟೇ. ಅಲ್ಲಿಯೂ ಯಾರೋ ಪೋಸ್ಟ್‌ಮ್ಯಾನನ ದಾರಿ ನೋಡಿರಬೇಕಲ್ಲವೇ?

ಮರುದಿನ ನಾಲ್ಕು ಕಾರ್ಡು ತಂದೆ. ನಾಲ್ಕಕ್ಕೂ ಒಂದೇ ಒಕ್ಕಣೆ. “ನಿಮ್ಮ ಮಗಳನ್ನು ನೋಡಿ ಬಂದು, ತಿಳಿಸುತ್ತೇವೆಂದು ಹೇಳಿ, ತಿಳಿಸಲಿಲ್ಲ. ತಪ್ಪು ನನ್ನದು. ಕ್ಷಮಿಸಬೇಕು.” ಡಬ್ಬಿಗೆ ಹಾಕಿದಾಗ ಗೋಲು ಬಿಟ್ಟುಕೊಟ್ಟ ಹಾಗೂ ಅನಿಸಿತು, ಹಗುರಾದ ಹಾಗೂ ಅನಿಸಿತು.

ಗಂಗಾವತಿಯಿಂದ ಉತ್ತರ ಕೊನೆಗೂ ಬರಲಿಲ್ಲ. ಸರೋಜಾ ಬಿ.ಎ. ಪಾಸಾಗಿ ಹೈಸ್ಕೂಲು ಟೀಚರಾದಳು ಎಂದು ಆಮೇಲೆ ಸುಬ್ಬಾರಾವು ಹೇಳಿದ. ನಾಲ್ಕು ಕಾರ್ಡುಗಳಲ್ಲಿ ಮೂರಕ್ಕೂ ಉತ್ತರ ಇಲ್ಲ. ಕುಷ್ಟಗಿಯಿಂದ ಮಾತ್ರ ಒಂದು ಬಂತು. ಹುಡುಗಿಯ ಅಪ್ಪ ಬರೆದಿದ್ದರು.

“ನಿಮ್ಮ ಕಾರ್ಡು ಮುಟ್ಟಿತು. ಮಗಳ ಲಗ್ನವಾಗಿ ಎರಡು ವರ್ಷವಾಯಿತು. ಬರುವ ಸೋಮವಾರ ಮೊಮ್ಮಗನ ಜವಳ ಇಟ್ಟುಕೊಂಡಿದ್ದೇವೆ. ತಾಯಿಯವರನ್ನು ಕರೆದುಕೊಂಡು ಊಟಕ್ಕೆ ಬರಬೇಕು.”

ಹೋಗದಿದ್ದರೆ ಅವ್ವ ಬಿಡುತ್ತಿದ್ದಳೇ? ಹೋದೆವು. ಪಂಕ್ತಿಯಲ್ಲಿ ಕುಳಿತೆ. ಯಾರೂ ಏನೂ ಅನ್ನಲಿಲ್ಲ. ಹುಡುಗಿಯ ಗಂಡ ನನ್ನ ಎಲೆಗೆ ತಾನೇ ತುಪ್ಪ ಹಾಕಿದ. ಆಕೆ ಹೋಳಿಗೆಯ ಬುಟ್ಟಿ ಹಿಡಿದು ಸಾಲಿನಲ್ಲಿ ಬಂದಳು, ನನ್ನ ಮುಂದೆ ನಿಂತಳು.

“ಇನ್ನೊಂದು ಹಾಕ್ಲ್ಯಾ, ಬ್ಯಾಡಾ? ಈಗs ಹೇಳ್ರಿ. ಆಮ್ಯಾಲೆ ತಿಳಸ್ತೀನಿ ಅನ್ನಬ್ಯಾಡ್ರಿ.”

ಇಡೀ ಪಂಕ್ತಿ ನಕ್ಕಿತು. ಅವ್ವ ಎಲ್ಲರಿಗಿಂತ ಜೋರಾಗಿ.

ಆ ದೂರದ ದೇಶದ ಫುಟ್‌ಬಾಲ್ ಸಂಘದವರು ಏನು ಬೇಕಾದ ದಂಡ ಹಾಕಲಿ. ಹೋಳಿಗೆ ಬಡಿಸಿ ದಂಡ ಹಾಕುವುದನ್ನು ಅವರಿಗೆ ಕಲಿಸುವವರು ಯಾರು?